ಕಬ್ಬಿನಹಾಲಿನ ಪರೀಕ್ಷೆ

ಇವತ್ತು ಬೆಳಿಗ್ಗೆ ಹೆಂಡತಿ ಹೊಸ ಅಚ್ಚುಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಳು. ಆ ಘಮ ನಡುಮನೆ ದಾಟಿ ನನ್ನ ಮೂಗಿಗೆ ಬರುವುದಕ್ಕೂ ನಾನು ಬಚ್ಚಲಿನ ಕಡೆ ಓಡುವುದಕ್ಕೂ ಸರಿಹೋಯಿತು. ಬೆಲ್ಲಕ್ಕೂ ಬಚ್ಚಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅರವತ್ತು ದಾಟಿದ ಗಂಡಸರಾಗಿದ್ದರೆ ಕೇಳುವುದಿಲ್ಲ, ಸುಮ್ಮನೆ ನಕ್ಕು ನನ್ನ ಹಿಂದೆ ಸರದಿಯಲ್ಲಿ ನಿಲ್ಲುತ್ತೀರಿ.

ನನ್ನ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ ಎಂದು ಡಾಕ್ಟರು ಹೇಳಿ ತಿಂಗಳ ಮೇಲಾಯಿತು. ಮೂತ್ರಕೋಶದ ಬಾಯಲ್ಲಿರುವ ಈ ಗ್ರಂಥಿ ವಯಸ್ಸಾದ ಹಾಗೆ ಊದಿಕೊಂಡು, ಮದುವೆಮನೆಯ ಬಾಗಿಲಲ್ಲೇ ನಿಂತು ಹರಟುವ ನೆಂಟನಂತೆ ದಾರಿಗೆ ಅಡ್ಡವಾಗುತ್ತದಂತೆ. ಏನು ಮಾಡುವುದೆಂದು ಕೂತು ಮಾತಾಡೋಣ, ಬನ್ನಿ ಎಂದಿದ್ದರು. ನಾನು ಹೋಗಿಲ್ಲ. ಬದಲಿಗೆ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟು, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟನ್ನೇ ಹಿಡಿದು, ನನಗೇನೂ ಆಗಿಲ್ಲ ಎಂದು ಹೆಂಡತಿಗೆ ಹೇಳಿಕೊಂಡು ಓಡಾಡುತ್ತಿದ್ದೇನೆ. ಬೆಲ್ಲದ ವಾಸನೆ ಬಂದರೆ ಮಾತ್ರ ಈ ಧೈರ್ಯವೆಲ್ಲ ಕರಗಿಹೋಗುತ್ತದೆ, ಏಕೆಂದರೆ ಅದರ ಜೊತೆಗೇ ನನ್ನ ಸೋದರಮಾವನ ನೆನಪು ಬರುತ್ತದೆ.

ಪಾಂಡವಪುರದ ಆಚೆ, ನಾಲೆಯ ಪಕ್ಕ ಮಾವನ ಆಲೆಮನೆ. ಆಗ ಅವರಿಗೆ ಹೆಚ್ಚುಕಮ್ಮಿ ನನ್ನ ಈಗಿನ ವಯಸ್ಸು. ಕಬ್ಬು ಅರೆಯುವುದಕ್ಕೆ, ಒಲೆಗೆ ಸಿಪ್ಪೆ ತಳ್ಳುವುದಕ್ಕೆ ಆಳುಗಳಿದ್ದರು. ಆದರೆ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವ ಕೆಲಸವನ್ನು ಮಾವ ಯಾರಿಗೂ ಬಿಟ್ಟುಕೊಟ್ಟವರಲ್ಲ. ಹದ ಬರುವ ಆ ಗಳಿಗೆಯಲ್ಲಿ ಅತ್ತಿತ್ತ ನೋಡಿದರೂ ಪಾಕ ತಳ ಹತ್ತಿಬಿಡುತ್ತದೆ. ಮಾವನಿಗೆ ಶುರುವಾದ ಇದೇ ಕಾಯಿಲೆಯೋ, ಸರಿಯಾಗಿ ಆ ಗಳಿಗೆಯಲ್ಲೇ ಬೇಲಿಯ ಕಡೆ ಕರೆಯುತ್ತಿತ್ತು. ಒಂದು ದಿನ ಹೋದರು. ಹೋದ ಮೇಲೆ ಅದು ಬೇಗ ಶುರುವಾಗುವುದೂ ಇಲ್ಲ, ಶುರುವಾದರೆ ಬೇಗ ಮುಗಿಯುವುದೂ ಇಲ್ಲ. ವಾಪಸು ಬರುವಷ್ಟರಲ್ಲಿ ಕೊಪ್ಪರಿಗೆಯ ಬೆಲ್ಲ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಆಳುಗಳು ನಗು ತಡೆಯಲಾರದೆ ಕಬ್ಬಿನ ರಾಶಿಯ ಹಿಂದೆ ಹೋದರು. ಮಾವ ಮಾತ್ರ ಸಂಜೆ ಊಟ ಬಿಟ್ಟು ಜಗಲಿಯ ಮೇಲೆ ಕೂತಿದ್ದರಂತೆ. ಕಣ್ಣಲ್ಲಿ ನೀರಿತ್ತು ಎಂದು ಅತ್ತೆ ಆಮೇಲೆ ನನಗೆ ಹೇಳಿದರು. ಆಲೆಮನೆ ಉಳಿಯಬೇಕಾದರೆ ಕಾಯಿಲೆ ಹೋಗಬೇಕು ಎಂಬುದು ಅವತ್ತು ತೀರ್ಮಾನವಾಯಿತು.

ಆದರೆ ಮಾವ ಡಾಕ್ಟರ ಹತ್ತಿರ ನೇರವಾಗಿ ಹೋಗುವ ಆಸಾಮಿಯಲ್ಲ. ಎತ್ತು ತರುವ ಮೊದಲು ನಾಲ್ಕು ಊರು ಸುತ್ತಿ ವಿಚಾರಿಸುವವರು, ಔಷಧಕ್ಕೂ ಹಾಗೆಯೇ ಮಾಡಿದರು. ನನ್ನ ಸ್ಕೂಟರು, ನನ್ನ ಭಾನುವಾರಗಳು, ಹಿಂದಿನ ಸೀಟಿನಲ್ಲಿ ಅವರು. ಚಿನಕುರಳಿಯಲ್ಲಿ ಮಾತ್ರೆ ನುಂಗುವವರೊಬ್ಬರಿದ್ದರು. ಗಂಜಾಂನಲ್ಲಿ ದುರ್ಬೀನು ಹಾಕಿ ಒಳಗಿಂದಲೇ ಕೆರೆಸಿಕೊಂಡವರು. ಕಿಕ್ಕೇರಿಯಲ್ಲಿ ಲೇಸರು ಮಾಡಿಸಿಕೊಂಡವರು. ನಾಗಮಂಗಲದಲ್ಲಿ ಯಾವ ಡಾಕ್ಟರನ್ನೂ ಹತ್ತಿರ ಸೇರಿಸದೆ ನೆಗ್ಗಿಲುಮುಳ್ಳಿನ ಕಷಾಯ ಕುಡಿಯುತ್ತಿದ್ದ ಪುಟ್ಟಸ್ವಾಮಿಗೌಡರು.

ನಮ್ಮ ಸೀಮೆಯಲ್ಲಿ ಮನೆಗೆ ಬಂದವರನ್ನು ಬಾಯಾರಿಕೆಯಲ್ಲೇ ಕಳಿಸಿದರೆ ಮರ್ಯಾದೆ ಉಳಿಯುವುದಿಲ್ಲ, ಕೊಟ್ಟದ್ದನ್ನು ಬೇಡ ಅಂದರೂ ಉಳಿಯುವುದಿಲ್ಲ. ಚಿನಕುರಳಿಯಲ್ಲಿ ಎಳನೀರು, ಗಂಜಾಂನಲ್ಲಿ ಕಾಫಿ, ಕಿಕ್ಕೇರಿಯಲ್ಲಿ ಚೆಂಬುಗಟ್ಟಲೆ ಮಜ್ಜಿಗೆ. ನಾಗಮಂಗಲದಲ್ಲಂತೂ ಕಷಾಯವನ್ನೇ ಕೊಟ್ಟರು. ವಾಪಸು ಬರುವಾಗ ಮಾವ ನನ್ನ ಹೆಗಲು ತಟ್ಟಿದಲ್ಲೆಲ್ಲ ನಾನು ಸ್ಕೂಟರು ನಿಲ್ಲಿಸುತ್ತಿದ್ದೆ. ಅವರು ಕೆಲಸ ಮುಗಿಸುವವರೆಗೆ ರಸ್ತೆಯ ಕಡೆ ತಿರುಗಿ, ಬಂದುಹೋಗುವವರಿಗೆ ಪೆಟ್ರೋಲು ಮುಗಿದವನಂತೆ ಕಾಣುತ್ತಿದ್ದೆ. ನಾನಾಗ ತಾಲೂಕು ಕಚೇರಿಯ ಗುಮಾಸ್ತ, ಹೀಗೆ ದಾರಿಯುದ್ದಕ್ಕೂ ಪೆಟ್ರೋಲು ಖಾಲಿ ಮಾಡಿಕೊಂಡು ನಿಲ್ಲುವುದನ್ನು ಕಂಡ ಪರಿಚಯದವರು ನನ್ನ ಬಗ್ಗೆ ಏನಂದುಕೊಂಡರೋ ಗೊತ್ತಿಲ್ಲ.

ವಿಚಾರಣೆಯಿಂದ ತಿಳಿದದ್ದು ಗೊಂದಲವೇ. ಮಾತ್ರೆಯವರಿಗೆ ಧಾರೆ ಸಲೀಸಾಗಿತ್ತು, ಆದರೆ ಥಟ್ಟನೆ ಎದ್ದರೆ ತಲೆ ತಿರುಗುತ್ತಿತ್ತು. ಗಂಜಾಂನವರು ಕೊಳವೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದನ್ನೂ ಕೆಂಪು ನೀರು ಹೋದದ್ದನ್ನೂ ವರ್ಣಿಸಿ, ಈಗ ಆರಾಮ ಅಂದರು. ಆಮೇಲೆ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, ಆಪರೇಷನ್ನಾದ ಮೇಲೆ ವೀರ್ಯ ಹೊರಗೆ ಬರುವುದಿಲ್ಲ, ಮಕ್ಕಳಾಗುವುದು ಕಷ್ಟ ಎಂದರು. ನನಗಿರುವ ಆರು ಮೊಮ್ಮಕ್ಕಳೇ ಸಾಕು ಎಂದು ಮಾವ ಅಷ್ಟೇ ಗುಟ್ಟಾಗಿ ಹೇಳಿದರು. ಕಿಕ್ಕೇರಿಯವರು ರಕ್ತ ಹೋಗುವುದು ಕಮ್ಮಿ, ಬೇಗ ಮನೆಗೆ ಕಳಿಸಿದರು ಎಂದು ಲೇಸರನ್ನು ಹೊಗಳಿದರು, ಆದರೆ ಅದಕ್ಕೆ ಮೈಸೂರಿಗೇ ಹೋಗಬೇಕಿತ್ತು.

ಎಲ್ಲರೂ ತಮ್ಮದೇ ಸರಿ ಅನ್ನುತ್ತಾರೆ ಎಂದು ಮಾವನಿಗೆ ಅನುಮಾನ ಹುಟ್ಟಿತು. "ಬಾಯ್ಮಾತು ನಂಬಕ್ಕಾಗಕಿಲ್ಲ ಕಣ್ಲಾ. ಕೂರ್ಸಿ ನೋಡ್ಬುಡುವ" ಅಂದರು.

ಹೀಗೆ ಒಂದು ಭಾನುವಾರ ನಾಲ್ವರೂ ಆಲೆಮನೆಗೆ ಬಂದರು. ಎಲ್ಲರಿಗೂ ದೊಡ್ಡ ಲೋಟದ ತುಂಬ ಕಬ್ಬಿನಹಾಲು, ಮೇಲೆ ನಿಂಬೆಹಣ್ಣು, ಮುಗಿದ ಮೇಲೆ ಇನ್ನೊಂದು ಲೋಟ. ಕೊಪ್ಪರಿಗೆಯ ಎದುರು ಕಬ್ಬಿನ ಸಿಪ್ಪೆಯ ಮೇಲೆ ಕೂರಬೇಕು, ಯಾರು ಕೊನೆಗೆ ಏಳುತ್ತಾರೋ ಅವರ ಔಷಧ ಮಾವನ ಔಷಧ. ಹಿರಿಯರು ಶಾಲೆ ಹುಡುಗರ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂತು, ಒಬ್ಬರ ಮುಖ ಒಬ್ಬರು ಕಳ್ಳಗಣ್ಣಲ್ಲಿ ನೋಡುತ್ತಿದ್ದರು. ಪಕ್ಕದ ನಾಲೆಯಲ್ಲಿ ನೀರು ಜುಳುಜುಳು ಹರಿಯುತ್ತಿತ್ತು. ಅದು ಪರೀಕ್ಷೆಯ ಭಾಗವಲ್ಲ, ಆದರೂ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿತು. ಚಿನಕುರಳಿ ಮೊದಲು ಎದ್ದಿತು, ತಲೆ ತಿರುಗಿ ಕಂಬ ಹಿಡಿದುಕೊಂಡು ಹೋಯಿತು. ಹಿಂದೆಯೇ ಕಿಕ್ಕೇರಿ. ಸ್ವಲ್ಪ ಹೊತ್ತಿಗೆ ಗಂಜಾಂ, ದೇವರೇ ಎನ್ನುತ್ತಾ. ನಾನು ನಕ್ಕು ನಕ್ಕು ನನಗೇ ಅವಸರವಾಗಿ ಅವರ ಜೊತೆ ಬೇಲಿ ಸೇರಿದೆ, ನನಗಾಗ ಯಾವ ಕಾಯಿಲೆಯೂ ಇರಲಿಲ್ಲ.

ವಾಪಸು ಬಂದಾಗ ನಾಗಮಂಗಲದ ಪುಟ್ಟಸ್ವಾಮಿಗೌಡರು ಕೂತೇ ಇದ್ದರು. ಮಾವ ಖುಷಿಯಿಂದ, ಕಷಾಯವೇ ಗೆದ್ದಿತೆಂದು ಆಳುಗಳಿಗೆಲ್ಲ ಸಾರಿಬಿಟ್ಟರು. ಇನ್ನು ಏಳಿ ಎಂದು ಗೌಡರ ಕೈ ಹಿಡಿದರು. ಗೌಡರ ಹಣೆಯ ತುಂಬ ಬೆವರು. ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡಿದ್ದರು.

"ಎದ್ದು ಏನ್ ಮಾಡ್ಲಪ್ಪ. ಬೆಳಗ್ಗಿಂದ ಒಂದ್ ತೊಟ್ಟೂ ಬಂದಿಲ್ಲ."

ನಗು ಅಲ್ಲಿಗೇ ನಿಂತಿತು. ಬೆಲ್ಲ ಸಾಗಿಸುವ ಟೆಂಪೋದಲ್ಲಿ ಅವರನ್ನು ಮಲಗಿಸಿ ಆಸ್ಪತ್ರೆಗೆ ಓಡಿಸಿದೆವು. ಸ್ಪರ್ಧಿಗಳು ಮೂವರೂ ಹಿಂದೆ ಹತ್ತಿಕೊಂಡರು. ಒಬ್ಬರು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಇನ್ನೊಬ್ಬರು ಟವಲಿನಿಂದ ಗಾಳಿ ಹಾಕಿದರು. ಹಳ್ಳ ಬಂದಾಗಲೆಲ್ಲ ಗೌಡರು ನರಳುತ್ತಿದ್ದರು, ಮಾವ ಡ್ರೈವರನನ್ನು ಬೈಯುತ್ತಿದ್ದರು. ಡಾಕ್ಟರು ಕೊಳವೆ ಹಾಕಿದ ಮೇಲೆ ಗೌಡರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಯಾವ ಮದುಮಗನ ಮುಖದಲ್ಲೂ ಕಂಡಿಲ್ಲ.

ನಮ್ಮ ಪರೀಕ್ಷೆಯ ಕತೆ ಕೇಳಿದ ಡಾಕ್ಟರು ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಎಷ್ಟು ಹೊತ್ತು ತಡೆದುಕೊಂಡಿರಿ ಎಂಬುದರಿಂದ ಏನೂ ಗೊತ್ತಾಗುವುದಿಲ್ಲ, ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಬೇಕು ಎಂದರು. ಗ್ರಂಥಿಯ ಗಾತ್ರ, ಮೂತ್ರಪಿಂಡದ ಸ್ಥಿತಿ, ಬೇರೆ ಕಾಯಿಲೆಗಳು, ಇವನ್ನೆಲ್ಲ ನೋಡಿ ಒಬ್ಬೊಬ್ಬರಿಗೆ ಒಂದೊಂದು, ಪಕ್ಕದವನ ಔಷಧ ನಿಮಗೆ ಆಗಲೇಬೇಕೆಂದಿಲ್ಲ ಎಂದೂ ಹೇಳಿದರು. ಮಾವ ಬಹಳ ಹೊತ್ತು ಕೊಳವೆಯ ಚೀಲವನ್ನೇ ನೋಡುತ್ತಿದ್ದರು. ಆಮೇಲೆ ಅಂಗಿ ಬಿಚ್ಚಿ ತಾವೇ ಪಕ್ಕದ ಮಂಚದ ಮೇಲೆ ಮಲಗಿ, ನನ್ನದೂ ನೋಡಿಬಿಡಿ ಸ್ವಾಮಿ ಎಂದರು. ಮೊದಲು ಮಾತ್ರೆ, ಅದು ಸಾಲದಾದಾಗ ದುರ್ಬೀನಿನ ಆಪರೇಷನ್ನು. ಮುಂದಿನ ವರ್ಷ ಕಬ್ಬು ಕಡಿಯುವ ಹೊತ್ತಿಗೆ ಮಾವ ಮತ್ತೆ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಮೊದಲ ಅಚ್ಚು ಬೆಲ್ಲ ನಾಗಮಂಗಲಕ್ಕೆ ಹೋಯಿತು.

ಇವತ್ತಿನ ಡಬ್ಬಿ ತಂದವರೂ ಮಾವನೇ. ಜೊತೆಗೆ ಒಂದು ಕ್ಯಾನು ಕಬ್ಬಿನಹಾಲು. ನಾನು ಬಚ್ಚಲಿನಿಂದ ಬಂದು ಕೂತೆ. ಅವರೇ ಲೋಟಕ್ಕೆ ಬಗ್ಗಿಸಿಕೊಟ್ಟರು, ಕುಡಿದೆ. ಕಾಲು ಮೇಲೆ ಕಾಲು ಹಾಕಿ, ಮಗಳ ಕೆಲಸ, ಮಳೆ, ಬೆಲ್ಲದ ದರ, ಏನೇನೋ ಮಾತಾಡಿದೆ. ಮಾವ ನನ್ನ ಕಾಲನ್ನೇ ನೋಡುತ್ತಿದ್ದರು.

"ಚೆನ್ನಾಗಿ ಕೂತಿದ್ದೀಯ ಕಣ್ಲಾ, ಪುಟ್ಟಸ್ವಾಮಿಗೌಡ್ರು ಕೂತಂಗೆ. ಒಳಗೆ ಎಷ್ಟು ಉಳ್ಕಂಡದೆ, ಅದ ಯೋಳು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಎದ್ದು ಮತ್ತೆ ಬಚ್ಚಲಿಗೆ ಹೋದೆ. ಅಲ್ಲಿ ಒಬ್ಬನೇ ನಿಂತು, ಬಾರದ್ದಕ್ಕೆ ಕಾಯುತ್ತಾ, ಭಯವಾಗಿದೆ ಎಂದು ಮೊದಲ ಸಲ ನನಗೆ ನಾನೇ ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ತಡ, ಯಾಕೋ ನಗುವೂ ಬಂತು.

ಹೊರಗೆ ಬಂದಾಗ ಮನೆಯೊಳಗೆ ಮಾವ ಇರಲಿಲ್ಲ. ಎಂಬತ್ತು ಸಮೀಪಿಸಿದ ನನ್ನ ಮಾವ ಚಪ್ಪಲಿ ಮೆಟ್ಟಿ, ಟವಲು ಹೆಗಲಿಗೆ ಹಾಕಿಕೊಂಡು, ಅಂಗಳದಲ್ಲಿ ನಿಂತಿದ್ದ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಹೆಂಡತಿ ಬೀಗದಕೈ ತಂದು ನನ್ನ ಕೈಗಿಟ್ಟಳು. ಇನ್ನೇನು ಡಾಕ್ಟರ ಹತ್ತಿರ ಹೊರಡಬೇಕು, ಮಾವ ಹಿಂದಿನಿಂದ ಬಗ್ಗಿ, ದಾರಿಯಲ್ಲಿ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸು, ಈ ಸಲ ರಸ್ತೆ ಕಡೆ ನೋಡಿಕೊಂಡು ನಾನು ನಿಲ್ಲುತ್ತೇನೆ ಎಂದರು.