ಸಾಬೂನಿನ ಪುಡಿ ವಿಚಾರಿಸಲು ಹೋದ ಮನೆ

ಮಣಿಪಾಲದಲ್ಲಿ ಬಿ.ಕಾಂ. ಕೊನೆಯ ವರ್ಷಕ್ಕೆ ನಾನು ಮಾರ್ಕೆಟಿಂಗ್ ತೆಗೆದುಕೊಂಡಾಗ ಅಮ್ಮ ನಕ್ಕಿದ್ದರು. "ಮೀನು ಮಾರ್ಕೆಟಿಗೆ ನಾನು ದಿನಾ ಹೋಗುತ್ತೇನೆ. ನನಗೆ ಯಾವ ಡಿಗ್ರಿ ಉಂಟು ಮಗಳೇ?"

ಪರೀಕ್ಷೆ ಮುಗಿದ ಮೇಲೆ ಸಾಬೂನು ಕಂಪೆನಿಯೊಂದು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿತು. ಬಟ್ಟೆ ಒಗೆಯುವ ಪುಡಿ ಆಗಿನ್ನೂ ಹೊಸದು. ಮನೆಮನೆಗೆ ಹೋಗಿ ವಿಚಾರಿಸಬೇಕು: ಮನೆಯಲ್ಲಿ ಎಷ್ಟು ಜನ, ಬಾವಿಯ ನೀರಿನಲ್ಲಿ ನೊರೆ ಬರುತ್ತದೋ ಇಲ್ಲವೋ, ಯಾವ ಸಾಬೂನು ತರುವುದೆಂದು ಹೇಳುವವರು ಅತ್ತೆಯೋ ಸೊಸೆಯೋ. ಸಂಜೆ ಅಂಗಡಿಗಳಿಗೆ ಹೋಗಿ ನಮ್ಮ ಪ್ಯಾಕೆಟ್ಟು ಯಾವ ಸಾಲಿನಲ್ಲಿ ಕೂತಿದೆ ಎಂದು ನೋಡಬೇಕು. ಕೆಲಸ ಖಾಯಂ ಆದರೆ ಉಡುಪಿಯಿಂದ ಕಾರ್ಕಳದವರೆಗೆ ಅಂಗಡಿಗಳ ಆರ್ಡರು ಹಿಡಿಯುವ ಲೈನ್ ನನ್ನದೇ. ಚೆನ್ನಾಗಿ ನಡೆಸಿದರೆ ಮುಂದೆ ಮಂಗಳೂರಿನ ಆಫೀಸು. ಹಿರಿಯಡ್ಕದ ಅಂಗಡಿಯವರೊಬ್ಬರು ನಾನು ಹೇಳದೆಯೇ ನಮ್ಮ ಪ್ಯಾಕೆಟ್ಟುಗಳನ್ನು ಮುಂದಿನ ಸಾಲಿಗೆ ತಂದಿಟ್ಟ ದಿನ, ಆ ಕೆಲಸ ನನಗೆ ಬೇಕೇ ಬೇಕು ಅನ್ನಿಸಿತು.

ಕಾಪುವಿನಲ್ಲಿ ನಮ್ಮವರದೇ, ಕೊಂಕಣಿ ಕ್ರೈಸ್ತರದೇ, ಒಂದು ಮನೆ. ಒಗೆದ ಚಾದರಗಳನ್ನು ಅಂಚಿಗೆ ಅಂಚು ಕೂಡಿಸಿ ಒಣಗಲು ಹಾಕಿದ್ದರು. ಮನೆಯೊಡತಿ ಬೆಲ್ಲ ನೀರು ಕೊಟ್ಟು ಎದುರಿಗೆ ಕೂತರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ ಮೇಲೆ ತಾವೇ ಶುರುಮಾಡಿದರು. "ಯಾರ ಕಡೆಯಿಂದ ಬಂದದ್ದು ಬಾಯೆ?"

"ಕಂಪೆನಿಯಿಂದ."

"ಅದಿರಲಿ. ಮನೆ ಎಲ್ಲಿ? ಯಾವ ಇಗರ್ಜಿ?" ಹೇಳಿದೆ. ಗಿರಾಕಿಯ ವಿಶ್ವಾಸ ಗಳಿಸಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರಲ್ಲ.

"ಮಗ ಬಹರೈನಿನಲ್ಲಿದ್ದಾನೆ" ಎಂದರು.

"ಹಾಗಾದರೆ ಅವರ ಬಟ್ಟೆ ಲೆಕ್ಕಕ್ಕಿಲ್ಲ, ಅಲ್ವಾ?"

"ಮದುವೆಗೆ ಬರುತ್ತಾನಲ್ಲ, ಆಗ ಉಂಟು" ಎಂದು ಅವರು ಮನಸಾರೆ ನಕ್ಕರು.

ನಮ್ಮವರಲ್ಲಿ ಸಂಬಂಧ ಹುಡುಕುವವರು ಮದುವೆಯ ಮಾತನ್ನು ಮೊದಲೇ ಎತ್ತುವುದಿಲ್ಲ. ಎಷ್ಟು ಜನ, ನೀರು ಎಂಥದು, ಕಾರುಬಾರು ಯಾರ ಕೈಯಲ್ಲಿ ಎಂದೇ ಆರಂಭ. ನಾನು ಕೇಳಿದ್ದೂ ಅವನ್ನೇ. ಅದು ನನಗೆ ಹೊಳೆದದ್ದು ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಕಾಪುವಿನ ಆ ಮನೆಯೊಡತಿ ತನ್ನ ಅಣ್ಣನೊಡನೆ ನಮ್ಮ ಜಗಲಿಯಲ್ಲಿ ಕೂತದ್ದನ್ನು ಕಂಡಾಗ.

"ನಿಮ್ಮ ಹುಡುಗಿಯೇ ಮನೆ ನೋಡಿ ಹೋಗಿದ್ದಾಳಲ್ಲ" ಎಂದರು ಆಕೆಯ ಅಣ್ಣ.

ಅಮ್ಮ ನನ್ನ ಕಡೆ ನೋಡಿದರು. ನಾನು ನಡೆದದ್ದು ಹೇಳಿದೆ. ಎಲ್ಲರೂ ನಕ್ಕರು, ಆದರೆ ಯಾರೂ ಎದ್ದು ಹೋಗಲಿಲ್ಲ. ಹುಡುಗನ ಫೋಟೋ ನನಗೂ ಇಷ್ಟವಾಯಿತು.

ಕೆಲಸ ಖಾಯಂ ಎಂದು ಮ್ಯಾನೇಜರು ಹೇಳಿದ್ದು ಅದರ ಮರುವಾರ. ನಿಶ್ಚಿತಾರ್ಥಕ್ಕೆ ಮೊದಲು ಧೈರ್ಯಮಾಡಿ ಹುಡುಗನ ತಾಯಿಯನ್ನೇ ಕೇಳಿದೆ. "ಮದುವೆಯ ಮೇಲೂ ನಾನು ಕೆಲಸಕ್ಕೆ ಹೋಗಬಹುದಾ?"

ಅವರು ನನ್ನ ಕೈ ಹಿಡಿದುಕೊಂಡರು. "ಮಗ ಅಲ್ಲಿ, ಸೊಸೆ ಬಸ್ಸಿನಲ್ಲಿ. ಮತ್ತೆ ಮನೆಯಲ್ಲಿ ನನಗೆ ಯಾರು ಬಾಯೆ?"

ಗದರಿದ್ದರೆ ವಾದಿಸುತ್ತಿದ್ದೆನೇನೋ. ಮರುದಿನ ಮ್ಯಾನೇಜರಿಗೆ ಕೆಲಸ ಬೇಡವೆಂದು ಬರೆದುಕೊಟ್ಟೆ.

ಅತ್ತೆ ನನ್ನನ್ನು ಮಗಳಂತೆಯೇ ನೋಡಿಕೊಂಡರು. ಆದರೂ ಪೇಟೆಯ ಅಂಗಡಿಯಲ್ಲಿ ಯಾವುದಾದರೂ ಕಂಪೆನಿಯ ಹುಡುಗ ಆರ್ಡರು ಬರೆದುಕೊಳ್ಳುತ್ತಿದ್ದರೆ, ನನ್ನ ಸಾಮಾನು ಕಟ್ಟಿಯಾದ ಮೇಲೂ ನಿಂತಿರುತ್ತಿದ್ದೆ. ಒಮ್ಮೆ ನಮ್ಮ ಸಾಬೂನು ಕಂಪೆನಿಯ ಹುಡುಗನನ್ನು ಕೇಳಿಯೇಬಿಟ್ಟೆ. "ಕಾರ್ಕಳದ ಲೈನ್ ಈಗ ಯಾರಿಗೆ?"

"ನನಗೇ. ಎಂತ ಅಮ್ಮ, ಅಲ್ಲಿ ನಿಮ್ಮ ಅಂಗಡಿ ಉಂಟಾ?"

"ಇಲ್ಲ, ಸುಮ್ಮನೆ ಕೇಳಿದೆ."

ಹಿರಿಯಡ್ಕದಲ್ಲಿ ವ್ಯಾಪಾರ ಹೇಗೆ ಎಂದೂ ಕೇಳಬೇಕಿತ್ತು. ಅಷ್ಟರಲ್ಲಿ ಅವನು ಬಸ್ಸು ಹತ್ತಿಯಾಗಿತ್ತು.