ಏಲಿಯಮ್ಮನವರ ಬಾವಿಹಗ್ಗ

ಕಡಬದ ಏಲಿಯಮ್ಮನವರು ನೋವೆಂದು ಬಂದವರಿಗೆ ಔಷಧ ಕೊಡುತ್ತಿರಲಿಲ್ಲ, ಕೆಲಸ ಕೊಡುತ್ತಿದ್ದರು. ಬೆರಳು ಮಡಚದವರಿಂದ ಒದ್ದೆ ಬಟ್ಟೆ ಹಿಂಡಿಸುವುದು, ಸೊಂಟ ಹಿಡಿದವರಿಂದ ಅಂಗಳ ಗುಡಿಸುವುದು ಅವರ ಕ್ರಮವಾಗಿತ್ತು. ತತ್ಪರಿಣಾಮವಾಗಿ ಅವರ ಅಂಗಳ ಸದಾ ಶುಭ್ರ. ಬಸಳೆ ಚಪ್ಪರ ಸದಾ ಸೊಂಪು. ಸದರಿ ಸಂಗತಿಯನ್ನು ಗಮನಿಸಿದ ಯಾರಿಗೇ ಆಗಲಿ ಸಂಶಯ ಬರುವುದು ಸಹಜವೆಂದು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ.

ಅವರು ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿದವರು; ಯುದ್ಧಕಾಲದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ಗಾಯಾಳುಗಳು ಪುನಃ ನಡೆಯುವಂತೆ ಮಾಡಿದ ದಾದಿ. ನಾನು ಕಡಬದ ಶಾಲೆಯ ಹಂಗಾಮಿ ಶಿಕ್ಷಕ. ಬಲಭುಜ ಬಿಗಿದು ಮೇಲೇಳದಂತಾಗಿ, ತಿಂಗಳುಗಟ್ಟಲೆ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದೆ. ಬೇಸಗೆ ರಜೆ ಮುಗಿಯುವುದರೊಳಗೆ ಕರಿಹಲಗೆಯಲ್ಲಿ ಬರೆಯುವಂತಾಗದಿದ್ದರೆ ಬೇರೊಬ್ಬರನ್ನು ನೇಮಿಸಲಾಗುವುದೆಂದು ಶಾಲೆಯವರು ತಿಳಿಸಿದ್ದರು. ಪುತ್ತೂರಿನ ವೈದ್ಯರು ಪರೀಕ್ಷಿಸಿ, ಮೂಳೆ ಮುರಿದಿಲ್ಲವೆಂದು ಹೇಳಿ, ಏಲಿಯಮ್ಮನವರಲ್ಲಿಗೆ ಕಳುಹಿಸಿದರು.

“ಕೈ ಎಂತಕ್ಕೆ ಬೇಕು ಮಾಷ್ಟ್ರೆ?”

“ಬೋರ್ಡಿನಲ್ಲಿ ಬರೆಯಲಿಕ್ಕೆ.”

“ಹಾಗಾದ್ರೆ ಮೊದಲು ಆ ಬಟ್ಟೆ ಬಿಚ್ಚಿ.”

ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟ ಬಳಿಕ, ಬಾವಿಯ ರಾಟೆಯ ಮೇಲಿನ ಹಗ್ಗದ ಎರಡೂ ತುದಿಗಳನ್ನು ನನ್ನ ಕೈಗಳಿಗೆ ಕೊಟ್ಟರು. ಎಡಗೈ ಕೆಳಕ್ಕೆಳೆದಂತೆ ಬಲಗೈ ಮೇಲೇರಬೇಕು. ನಾನು ಕೂಗಿಕೊಂಡೆ.

“ನೋವಾಗುದು ಬೇರೆ, ಹಾಳಾಗುದು ಬೇರೆ. ನಾಳೆ ಜಾಸ್ತಿ ನೋವಿದ್ರೆ ಕಡಿಮೆ ಮಾಡುವ. ಬಿಡುದು ಮಾತ್ರ ಇಲ್ಲ.”

ಕೈ ಮುಟ್ಟಿದ ಎತ್ತರಕ್ಕೆ ಗೋಡೆಯಲ್ಲಿ ಇದ್ದಿಲಿನ ಗೆರೆ ಎಳೆದರು. ಅದು ನನ್ನ ಎದೆಯವರೆಗೂ ಬಂದಿರಲಿಲ್ಲ.

ಗೆರೆ ಭುಜದ ಮಟ್ಟ ದಾಟಿದಾಗ ಹಗ್ಗಕ್ಕೆ ಸಣ್ಣ ಕೊಡಪಾನ ಕಟ್ಟಿದರು. ಸೇದಿದ ನೀರೆಲ್ಲ ಬಸಳೆಯ ಬುಡಕ್ಕೆ. ನನ್ನನ್ನು ಕಾಣಲು ಆಲೆಟ್ಟಿಯಿಂದ ಬಂದ ಭಾವ ಬೇಲಿಯಾಚೆ ನಿಂತು ನಕ್ಕರು.

“ಎಂತ ಭಾವ, ಶಾಲೆ ಬಿಡುವ ಮೊದಲೇ ಬೇರೆ ಕೆಲಸ ಸಿಕ್ಕಿತಾ? ಸಂಬಳ ಉಂಟಾ, ಬಸಳೆ ಮಾತ್ರವಾ?”

“ನೀವು ಕುಂಟುದು ಕಾಣ್ತದೆ ಮಾರಾಯ್ರೆ,” ಎಂದರು ಏಲಿಯಮ್ಮನವರು. “ಒಳಗೆ ಬನ್ನಿ, ನಿಮಗೂ ಕೆಲಸ ಉಂಟು.”

ಭಾವ ಒಳಗೆ ಬರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನನಗೆ ತಗ್ಗಿದ ದನಿಯಲ್ಲಿ ಹೇಳಿದರು: “ಕೈ ಸರಿಯಾದ್ರೂ ಇವ್ರು ನಿಮ್ಮನ್ನು ಬಿಡ್ಲಿಕ್ಕಿಲ್ಲ. ನೋಡಿ, ಇನ್ನು ದೊಡ್ಡ ಕೊಡಪಾನ ಬರ್ತದೆ.”

ಮರುವಾರ ದೊಡ್ಡ ಕೊಡಪಾನವೇ ಬಂತು. ಭಾವನ ಮಾತು ನನ್ನಲ್ಲಿ ಬೇರೂರಿತು.

ಶಾಲೆ ತೆರೆಯುವ ಹಿಂದಿನ ದಿನ, ಮಳೆಯಿಲ್ಲದೆ ಬಸಳೆ ಬಾಡಿತ್ತು. ನನ್ನ ಕೈ ತಲೆಯ ಮೇಲಕ್ಕೆ ಹೋಯಿತು. ಕೊಡಪಾನವನ್ನು ಮತ್ತೆ ಇಳಿಸುತ್ತಿದ್ದಾಗ ಏಲಿಯಮ್ಮನವರು ಹಗ್ಗವನ್ನು ನನ್ನಿಂದ ತೆಗೆದುಕೊಂಡರು.

“ಸಾಕು. ಬೋರ್ಡಿನ ಮೇಲಿನ ಅಂಚು ಇಷ್ಟೇ ಎತ್ತರ ಉಂಟು. ನಾನು ಶಾಲೆಗೆ ಹೋಗಿ ಕಿಟಕಿಯಿಂದ ನೋಡಿ ಬಂದಿದ್ದೇನೆ. ಇನ್ನು ನಿಮ್ಮ ಮನೆ ಬಾವಿಯಲ್ಲಿ ದಿನಾ ಸೇದಿ. ಇಲ್ಲಿಗೆ ಬರುದು ಬೇಡ.”

“ಬಸಳೆಗೆ ನೀರು?”

“ಅದು ನನ್ನ ಕೆಲಸ.”

ನೀರು ಸೇದಲು ನಾನು ಅರ್ಹನಾದ ದಿನವೇ ನನ್ನನ್ನು ಬಿಡುಗಡೆಗೊಳಿಸಿದರು.

ಮರುದಿನ ಕರಿಹಲಗೆಯ ಮೇಲಂಚಿನಲ್ಲಿ ತಾರೀಕು ಬರೆದೆ. ನೇಮಕ ಮುಂದುವರಿಯಿತು. ಅದನ್ನು ತಿಳಿಸಲು ಸಂಜೆ ಹೋದಾಗ, ಕೈ ಎತ್ತಲಾರದ ಹೆಂಡತಿಯೊಡನೆ ಒಬ್ಬರು ಬೇಲಿಯ ಹೊರಗೆ ಹಿಂಜರಿದು ನಿಂತಿದ್ದರು.

“ಮಾಷ್ಟ್ರೆ, ಇಲ್ಲಿ ಬಿಟ್ಟಿ ಕೆಲಸ ಮಾಡಿಸ್ತಾರಂತೆ, ಹೌದಾ?”

“ಹೌದು,” ಎಂದೆ. “ಮಾಡಿಸ್ತಾರೆ. ಹೋಗಿ.”

ಬಾವಿಕಟ್ಟೆಯಿಂದ ಏಲಿಯಮ್ಮನವರ ದನಿ ಬಂತು: “ನಿಮಗೆ ಬರುದು ಬೇಡ ಹೇಳಿದ್ದಲ್ವಾ ಮಾಷ್ಟ್ರೆ? ಆ ಅಮ್ಮನನ್ನು ಒಳಗೆ ಕಳಿಸಿ.”

ಬೇಲಿಯ ಬಾಗಿಲನ್ನು ಬಲಗೈಯಿಂದ ತೆರೆದು ಅವರಿಬ್ಬರನ್ನೂ ಒಳಗೆ ಬಿಟ್ಟೆ. ನಾನು ಹೊರಗಿನಿಂದಲೇ ಹಿಂತಿರುಗಿದೆ. ಆ ಬಳಿಕ ಏಲಿಯಮ್ಮನವರನ್ನು ಕಾಣಲಿಲ್ಲ.