ಬದಿಯಡ್ಕದ ಏರಿನಲ್ಲಿ ನಿಂತ ಕಾರು

ಮೂರು ವರ್ಷಗಳ ಹಿಂದೆ, ಶಾಲೆಯಲ್ಲಿ ಕ್ರಿಸ್‌ಮಸ್ ಪರೀಕ್ಷೆ ಮುಗಿದ ವಾರ ನಡೆದದ್ದಿದು. ನಾನು ಬೆಳ್ಳೂರಿನ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ನನ್ನ ಗಂಡ ಬದಿಯಡ್ಕದಲ್ಲಿ ಇಪ್ಪತ್ತೆಂಟು ವರ್ಷ ವಾಹನಗಳ ವಯರಿಂಗ್ ಕೆಲಸ ಮಾಡಿದವರು. ಕೈ ನಡುಗುವ ಕಾಯಿಲೆ ಶುರುವಾದ ಮೇಲೆ ಅಂಗಡಿ ಮುಚ್ಚಿದರು. ಉಳಿದದ್ದು ಅವರಷ್ಟೇ ವಯಸ್ಸಾದ ಒಂದು ಕಾರು. ಗುಜರಿಗೆ ಹೊರಟಿದ್ದ ಅದನ್ನು ತಂದು, ಒಂದೊಂದು ವಯರನ್ನೂ ಅವರೇ ಹೊಸತಾಗಿ ಎಳೆದಿದ್ದರು.

ಕೈಯಲ್ಲಿ ಸ್ಕ್ರೂಡ್ರೈವರ್ ನಿಲ್ಲದಾದಾಗ ನನ್ನನ್ನು ಬಾನೆಟ್ ಎದುರು ನಿಲ್ಲಿಸಿ ಕಲಿಸತೊಡಗಿದರು. ಬ್ಯಾಟರಿಯಿಂದ ಕೀಗೆ, ಕೀಯಿಂದ ಕಾಯಿಲ್‌ಗೆ, ಅಲ್ಲಿಂದ ಡಿಸ್ಟ್ರಿಬ್ಯೂಟರ್‌ಗೆ, ಕೊನೆಗೆ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಗೆ ಕರೆಂಟ್ ಹೋಗುವ ದಾರಿಯನ್ನು ನನ್ನಿಂದಲೇ ಪುಸ್ತಕದಲ್ಲಿ ಬರೆಸಿದರು. ಮಕ್ಕಳ ಉತ್ತರಪತ್ರಿಕೆ ರಾಶಿ ಬಿದ್ದಿರುವಾಗ ನನಗೆ ಇದೆಲ್ಲ ಎಂತಕ್ಕೆ ಎಂದು ಒಮ್ಮೆ ಸಿಡುಕಿದೆ.

"ನನ್ನ ಕೈ ಹೋಯಿತಲ್ಲ. ನಿನ್ನ ಕೈಯಲ್ಲಾದರೂ ಇರಲಿ," ಎಂದರು. ಮತ್ತೆ ನಾನು ಬೇಡ ಎನ್ನಲಿಲ್ಲ.

ಕೀಯ ವಯರ್ ಎಲ್ಲಾದರೂ ಕೈಕೊಟ್ಟರೆ ಬೇಕಾಗುತ್ತದೆಂದು, ಎರಡೂ ತುದಿಗೆ ಕ್ಲಿಪ್ ಇರುವ ಉದ್ದದ ಒಂದು ವಯರನ್ನು ನನ್ನಿಂದ ಮಾಡಿಸಿ ಸೀಟಿನಡಿ ಇಡಿಸಿದರು. ಅದನ್ನು ಬ್ಯಾಟರಿಯಿಂದ ನೇರವಾಗಿ ಕಾಯಿಲ್‌ಗೆ ಸಿಕ್ಕಿಸಿದರೆ ಇಂಜಿನ್ ಓಡುತ್ತದೆ. ಆದರೆ ಆಮೇಲೆ ನಿಲ್ಲಿಸಲು ಕೀ ಸಾಲದು, ಆ ವಯರನ್ನೇ ಕಳಚಬೇಕು.

ಆ ದಿನ ಬೆಳಿಗ್ಗೆ ಅವರನ್ನು ಬದಿಯಡ್ಕದ ಆಸ್ಪತ್ರೆಗೆ ತಿಂಗಳ ತಪಾಸಣೆಗೆ ಕರೆದುಕೊಂಡು ಹೊರಟಿದ್ದೆ. ತುಸು ಸುಸ್ತು ಎಂದಿದ್ದರು, ಅಷ್ಟೇ. ಬದಿಯಡ್ಕಕ್ಕೆ ಇನ್ನೂ ಮೂರು ಕಿಲೋಮೀಟರ್ ಇರುವಾಗ ಏರಿನಲ್ಲಿ ಕಾರು ನಿಂತಿತು. ಕೀ ತಿರುಗಿಸಿದರೆ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಹಿಂದಿನಿಂದ ಬಂದ ಪರಿಚಯದ ಜೀಪಿನವರು ನಿಲ್ಲಿಸಿದರು.

"ಟೀಚರೇ, ಅವರನ್ನು ಇದರಲ್ಲಿ ಕೂರಿಸಿ. ನಾನು ಬಿಡ್ತೇನೆ."

"ಬೇಡ, ಐದು ನಿಮಿಷದ ಕೆಲಸ. ನನಗೆ ಗೊತ್ತುಂಟು," ಎಂದೆ. ಹಾಗೆನ್ನುವಾಗ ಒಳಗೊಳಗೆ ಹೆಮ್ಮೆಯೂ ಆಗಿತ್ತು. ಪಕ್ಕದ ಸೀಟಿನಲ್ಲಿದ್ದ ನನ್ನವರು ಸಣ್ಣಗೆ ನಕ್ಕರು. ಜೀಪು ಹೋಯಿತು.

ಟೆಸ್ಟರ್ ಬಲ್ಬ್ ಹಿಡಿದು ನೋಡಿದರೆ ಕಾಯಿಲ್‌ಗೆ ಕರೆಂಟ್ ಇರಲಿಲ್ಲ. ವಯರ್ ತಂದೆ. ಮೊದಲ ಸಲ ಕ್ಲಿಪ್ ಜಾರಿತು, ಎರಡನೆಯ ಸಲ ಕೂತಿತು. ಒಳಗೆ ಬಂದು ಸೆಲ್ಫ್ ಕೊಟ್ಟೆ. ಇಂಜಿನ್ ಹಿಡಿಯಿತು.

"ಹಿಡಿಯಿತು ನೋಡಿ," ಎಂದು ಅವರತ್ತ ತಿರುಗಿದೆ. ತಲೆ ಕಿಟಕಿಗೆ ಒರಗಿತ್ತು. ನಿದ್ದೆ ಎಂದುಕೊಂಡು ಕೈ ಮುಟ್ಟಿದೆ. ವರ್ಷಗಳಿಂದ ನಡುಗುತ್ತಿದ್ದ ಕೈ ಸುಮ್ಮನಿತ್ತು.

ಆಸ್ಪತ್ರೆಗೆ ಹೇಗೆ ಓಡಿಸಿಕೊಂಡು ಹೋದೆನೋ ನೆನಪಿಲ್ಲ. ಹೃದಯ ನಿಂತು ಸ್ವಲ್ಪ ಹೊತ್ತಾಗಿದೆ ಎಂದರು ಡಾಕ್ಟರ್. ಜೀಪಿನಲ್ಲಿ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. ಹೇಳಲಿಕ್ಕಾಗದು ಎಂದರು. ಅಷ್ಟರಲ್ಲಿ ವಾಚ್‌ಮನ್ ಬಂದು, ಕೀ ತಿರುಗಿಸಿದರೂ ನಿಮ್ಮ ಕಾರು ನಿಲ್ಲುತ್ತಿಲ್ಲ ಎಂದರು. ನಾನೇ ಹೊರಗೆ ಹೋಗಿ, ಬಾನೆಟ್ ಎತ್ತಿ, ವಯರ್ ಕಳಚಿದೆ.

ಇಲ್ಲ, ಉಳಿಯುತ್ತಿರಲಿಲ್ಲ ಎಂದು ಆ ಡಾಕ್ಟರ್ ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ಎಷ್ಟೋ ಸಲ ಅನಿಸಿದೆ. ಈಗ ಅದನ್ನೂ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಇಂಜಿನ್ ಹಿಡಿದ ಸದ್ದು ಅವರ ಕಿವಿಗೆ ಬಿದ್ದಿತ್ತೇ, ಅಷ್ಟು ತಿಳಿದರೆ ಸಾಕಿತ್ತು.